ಬರಹಗಳ ಬಗ್ಗೆ ಅಭಿಪ್ರಾಯ ಹೇಳುವ ಕುರಿತು ಸದಸ್ಯರಿಗೆ ಸೂಚನೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 6 ಗಂಟೆಗೆ ಗುಂಪಿನಲ್ಲಿ ನಡೆಯುವ ಕಥಾವಾಚನಕ್ಕೆ ಮೊದಲು, ಕಥೆ ಓದುವವರಿಗೂ ಅಭಿಪ್ರಾಯ ಹೇಳುವವರಿಗೂ ಒಂದು ವಿಷಯವನ್ನು ತಿಳಿಸಬೇಕಾಗಿದೆ. ಕಳೆದ ಬಾರಿ ಒಂದು ಕಥೆಗೆ 14 ಮಂದಿ ‘ಸೊಗಸಾಗಿದೆ’ ಎಂದು ಬರೆದು ಚಪ್ಪಾಳೆಯ ಚಿತ್ರ ಹಾಕಿದರು. 15ನೆಯವರು ‘ಇದು ಕಥೆಯೇ ಅಲ್ಲ’ ಎಂದರು. ಬರೆದವರು ಆ ರಾತ್ರಿಯೇ ಗುಂಪು ತೊರೆದರು. ಆ 14 ಮಂದಿಯಲ್ಲಿ ನಾನೂ ಒಬ್ಬ, ಮತ್ತು ಆ ಕಥೆಯನ್ನು ನಾನು ಅರ್ಧವೂ ಓದಿರಲಿಲ್ಲ.

ಕೊಲೆಗಾರನಿಗೂ ಸುಳ್ಳು ಹೇಳಬಾರದೆಂದು 1797ರಲ್ಲಿ ವಾದಿಸಿದ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಕೂಡ ಶಿಷ್ಟಾಚಾರದ ಮಾತುಗಳ ಬೆಲೆ ಎಲ್ಲರಿಗೂ ಗೊತ್ತಿರುವುದರಿಂದ ಅವು ಮೋಸವಲ್ಲವೆಂದು ಒಪ್ಪಿದ್ದರು. ಆದರೆ ನಮ್ಮಲ್ಲಿ ಹೊಸದಾಗಿ ಬರೆಯುವವರಿಗೆ ಆ ಬೆಲೆ ಗೊತ್ತಿರುವುದಿಲ್ಲ. ಅವರು ಹೊಗಳಿಕೆಯನ್ನು ನಿಜವೆಂದೇ ನಂಬಿ ಹಳೆಯ ತಪ್ಪನ್ನು ಮುಂದಿನ ಕಥೆಗೂ ಒಯ್ಯುತ್ತಾರೆ.

ಆದ್ದರಿಂದ ಪೂರ್ತಿ ಓದದೆ ಯಾರೂ ಹೊಗಳಬಾರದೆಂದೂ, ಕೊರತೆ ಕಂಡವರು ಅದು ಯಾವ ಸಾಲಿನಲ್ಲಿ, ಯಾವ ಸನ್ನಿವೇಶದಲ್ಲಿ ಇದೆಯೆಂದು ತೋರಿಸಿಯೇ ಹೇಳಬೇಕೆಂದೂ ಕೋರುತ್ತೇನೆ. ‘ನಾನು ನೇರವಾಗಿ ಮಾತಾಡುವವನು’ ಎಂಬ ಪೀಠಿಕೆ ದಯವಿಟ್ಟು ಬೇಡ. ಅದರ ಹಿಂದೆ ಬರುವುದು ಹೆಚ್ಚಾಗಿ ಒರಟುತನವೇ. ಗುಂಪಿನ ಎದುರು ಟೀಕೆ ಬೇಡವೆನ್ನುವ ಲೇಖಕರು ಶುಕ್ರವಾರ ರಾತ್ರಿಯೊಳಗೆ ನನಗೆ ಪ್ರತ್ಯೇಕವಾಗಿ ತಿಳಿಸಿದರೆ, ಅವರ ಬರಹದ ಬಗೆಗಿನ ಅಭಿಪ್ರಾಯಗಳನ್ನು ಅವರಿಗೇ ಕಳುಹಿಸುವ ವ್ಯವಸ್ಥೆ ಮಾಡುತ್ತೇನೆ.

ಈ ಕ್ರಮ ಒಪ್ಪಿಗೆಯಿಲ್ಲದವರು ಕಾರಣವನ್ನು ಇಲ್ಲಿಯೇ ಬರೆಯಬೇಕೆಂದು ವಿನಂತಿ. ನನಗೆ ಬೇಸರವಾದೀತೆಂಬ ಸಂಕೋಚ ಬೇಡ.