ಪಟ್ಟಿ ಕೇಳಿದ ಅಕ್ಕನ ಮಗಳಿಗೆ

ಮಡಿಕೇರಿ
ತುಲಾ ಸಂಕ್ರಮಣ ಕಳೆದು ನಾಲ್ಕನೇ ದಿನ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಮೆಸೇಜ್ ನೋಡಿದೆ. ಫೋನಿನಲ್ಲಿ ಅಷ್ಟುದ್ದ ಉತ್ತರ ಒತ್ತುವುದು ನನ್ನ ಬೆರಳಿಗೆ ಆಗದ ಕೆಲಸ, ಅದಕ್ಕೇ ಈ ಕಾಗದ. ತೋಟದ ಮನೆಯಲ್ಲಿ ಹೋಂಸ್ಟೇ ಶುರು ಮಾಡಿದ್ದು ಕೇಳಿ ನಿನ್ನ ಅತ್ತೆಗೂ ನನಗೂ ಖುಷಿಯಾಯಿತು. "ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಹತ್ತು ಜಾಗ ಹೇಳಿ ಮಾವ, ಬೋರ್ಡ್ ಬರೆಸಿ ಗೇಟಿಗೆ ಹಾಕ್ತೀನಿ" ಅಂದಿದ್ದೀಯ. ಹತ್ತು ಹೇಳೋದಿಲ್ಲ. ಬೋರ್ಡಿನ ವಿಷಯ ಕೊನೆಗೆ ಬರುತ್ತೇನೆ.

ಮೊದಲು ನನ್ನ ದಡ್ಡತನ ಒಂದು ಕೇಳು. ಜಮೀನು ಅಳೆಯುವ ಮೋಜಣಿದಾರನಾಗಿ ಈ ಜಿಲ್ಲೆಯ ಗದ್ದೆ, ಗದ್ದೆಗೆ ಸೇರಿದ ಎತ್ತರದ ಬಾಣೆ, ತೋಟಗಳಲ್ಲಿ ಸರಪಳಿ ಎಳೆಸಿಕೊಂಡು ತಿರುಗಿದವನು ನಾನು. ಗಡಿ ಗುರುತಿನ ಯಾವ ಬಾಂದುಕಲ್ಲು ಯಾವ ಮರದ ಬುಡದಲ್ಲಿದೆ ಎಂದು ಕೇಳಿದರೆ ಹೇಳುತ್ತಿದ್ದೆ. ಒಂದು ಸಲ ನಿಮ್ಮ ಸೋಮವಾರಪೇಟೆ ಹತ್ತಿರದ ದೊಡ್ಡಮಳ್ತೆ ಕಡೆ ಅಳತೆಗೆ ಹೋಗಿದ್ದೆವು. ಮಧ್ಯಾಹ್ನ ಹಸಿವಾಯಿತು. ನೆಲದಿಂದ ಎದ್ದ ಕಲ್ಲುಗಳ ಮೇಲೆ ಅಗಲವಾದ ಚಪ್ಪಡಿ ಮಲಗಿಸಿದ್ದು ಕಂಡಿತು. ಊಟಕ್ಕೆ ಇಟ್ಟ ಮೇಜಿನ ಹಾಗೆ. ಅದರ ಮೇಲೇ ಬುತ್ತಿ ಬಿಚ್ಚಿ ಕಡುಬು, ಚಟ್ನಿ ತಿಂದು, ಕೈ ತೊಳೆದು, ನಕ್ಷೆಯಲ್ಲಿ 'ಕಲ್ಲುಗುಡ್ಡೆ' ಎಂದು ಬರೆದು ಎದ್ದು ಬಂದೆ. ವರ್ಷಗಳಾದ ಮೇಲೆ ಬಸ್ಸಿನಲ್ಲಿ ಪಕ್ಕ ಕೂತ ಇತಿಹಾಸದ ಮೇಷ್ಟ್ರೊಬ್ಬರು ಹೇಳಿದರು: ಅದು ಸಮಾಧಿ. ನಮ್ಮ ನಾಡಿಗೆ ಕಬ್ಬಿಣ ಬಂದ ಕಾಲದವರು ಸತ್ತವರಿಗೆ ಕಟ್ಟಿದ ಕಲ್ಲಿನ ಮನೆ. ಹಳ್ಳಿಯವರು ಇಂಥವನ್ನು ಪಾಂಡವರ ಮನೆ ಅನ್ನುತ್ತಾರಲ್ಲ, ಅದೇ. ಆವತ್ತು ರಾತ್ರಿ ಊಟ ಸೇರಲಿಲ್ಲ ನೋಡು.

ಅಲ್ಲೇ ಹೊನ್ನಮ್ಮನ ಕೆರೆ ಇದೆ. ಕೆರೆ ತೋಡಿದರೂ ನೀರು ಬರಲಿಲ್ಲ, ಕೊನೆಗೆ ಮನೆಯ ಸೊಸೆಯನ್ನೇ ಬಲಿ ಕೊಟ್ಟರು ಎಂಬ ಕಥೆ ನಿನಗೂ ಗೊತ್ತು. ಗೌರಿ ಹಬ್ಬಕ್ಕೆ ಬಾಗಿನ ಬಿಡಲು ನೀನೂ ಹೋಗಿದ್ದೀಯ. ಹೋದವಳು ಬಾಗಿನ ಬಿಟ್ಟು, ಫೋಟೋ ತೆಗೆದು, ಮನೆಗೆ ಬಂದೆ ಅಲ್ವಾ? ಬೈಯ್ಯುತ್ತಿಲ್ಲ, ನಾನೂ ಸಮಾಧಿ ಮೇಲೆ ಊಟ ಮಾಡಿದವನೇ.

ನಿನ್ನ ಮನೆ ಕಡೆ ನನಗೆ ಎಲ್ಲಕ್ಕಿಂತ ಇಷ್ಟವಾದ್ದು ಮುಳ್ಳೂರು. ಶನಿವಾರಸಂತೆಯಿಂದ ದೂರವಿಲ್ಲ. ಹೊರಗಿಂದ ನೋಡಿದರೆ ಏನೂ ಇಲ್ಲ. ಬೇಲೂರಿನ ಕುಸುರಿ ನೆನಪಿಟ್ಟುಕೊಂಡು ಹೋದವನಿಗೆ "ಇಷ್ಟೇನಾ?" ಅನಿಸುತ್ತದೆ. ಒಂದೇ ಅಂಗಳದಲ್ಲಿ ಮೂರು ಜೈನ ಬಸದಿ: ಪಾರ್ಶ್ವನಾಥ, ಚಂದ್ರನಾಥ, ಶಾಂತಿನಾಥ. ಸಾದಾ ಕಲ್ಲಿನ ಗೋಡೆ. ನಾನೂ ಮೊದಲ ಸಲ ಹತ್ತು ನಿಮಿಷದಲ್ಲಿ ವಾಪಸು ಬಂದಿದ್ದೆ.

ಆಮೇಲೆ ಅಲ್ಲಿನ ಶಾಸನದಲ್ಲಿ ಏನಿದೆ ಎಂದು ತಿಳಿದುಕೊಂಡೆ. 1058ರದ್ದು ಅದು. ಇಲ್ಲಿ ಆಳುತ್ತಿದ್ದವರು ಕೊಂಗಾಳ್ವರು. ಅವರ ಮನೆತನ ಮೇಲೆ ಬಂದದ್ದೇ ಒಂದು ಕಥೆ. ಪನಸೋಗೆ ಯುದ್ಧದಲ್ಲಿ ಮನಿಜ ಎಂಬ ವೀರ ಚೆನ್ನಾಗಿ ಕಾದಿದ. ರಾಜರಾಜ ಚೋಳ ಮೆಚ್ಚಿ ಅವನಿಗೆ ಕೊಂಗಾಳ್ವ ಎಂಬ ಬಿರುದು ಕೊಟ್ಟ, ಮಾಳಂಬಿಯನ್ನೂ ಕೊಟ್ಟ. ಹೌದು, ನೀನು ನೋಡಿರುವ ಅದೇ ಮಾಳಂಬಿ! ಆ ವಂಶದ ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ. ಮುಳ್ಳೂರಿನಲ್ಲಿ ಬಸದಿ ಕಟ್ಟಿಸಿ, ತನ್ನ ಗುರು ಗುಣಸೇನ ಪಂಡಿತರ ಮೂರ್ತಿ ಮಾಡಿಸಿ ಇಟ್ಟವಳು ಆಕೆ. ಸಾವಿರ ವರ್ಷದ ಹಿಂದೆ ಈ ಮಳೆ, ಈ ಕಾಡಿನ ನಡುವೆ ಒಬ್ಬ ಹೆಂಗಸು ಕಲ್ಲಿನಲ್ಲಿ ಹೆಸರು ಬರೆಸಿ ಹೋಗಿದ್ದಾಳೆ. ಎರಡನೇ ಸಲ ಹೋದಾಗ ಮಧ್ಯಾಹ್ನದವರೆಗೂ ಏಳಲು ಮನಸ್ಸೇ ಆಗಲಿಲ್ಲ. ಬಸದಿ ಬದಲಾಗಿರಲಿಲ್ಲ, ಅದೇ ಗೋಡೆ. ನಿನ್ನ ಅತಿಥಿಗಳಿಗೆ ದಾರಿಗಿಂತ ಮೊದಲು ಪೋಚಬ್ಬರಸಿಯ ಹೆಸರು ಹೇಳು. ಕಾಫಿ ಕೊಡುವಾಗ ಹೇಳಿದರೆ ಸಾಕು. ಪೂರ್ತಿ ಹೇಳಬೇಡ, ಸ್ವಲ್ಪ ಬಾಕಿ ಇಟ್ಟುಕೋ.

ಮಡಿಕೇರಿ ಕೋಟೆಗೂ ಇದೇ ಮಾತು. ರಾಜಾಸೀಟಿನಲ್ಲಿ ಸೂರ್ಯ ಮುಳುಗೋದಕ್ಕೆ ಕಾಯುವ ಜನ ಹತ್ತು ನಿಮಿಷದ ದಾರಿಯ ಕೋಟೆಯೊಳಗೆ ಕಾಲಿಡುವುದಿಲ್ಲ. ಗಾರೆಯ ಎರಡು ಆನೆಗಳಿವೆ, ನಿಜ ಆನೆಯಷ್ಟೇ ದೊಡ್ಡವು. ದಿನಾ ಸಲಾಮು ಹಾಕುತ್ತಿದ್ದ ಆನೆಗಳನ್ನು ರಾಜ ಸಿಟ್ಟಿನಲ್ಲಿ ಕೊಲ್ಲಿಸಿ, ಆಮೇಲೆ ಅತ್ತು ಇವನ್ನು ಮಾಡಿಸಿದ ಎಂದು ಜನ ಹೇಳುತ್ತಾರೆ. ಮಕ್ಕಳಿಗೆ ಅಷ್ಟು ಸಾಕು. ದೊಡ್ಡವರನ್ನು ಮ್ಯೂಸಿಯಂಗೆ ಕಳಿಸು. ಅದು ಇಂಗ್ಲಿಷರ ಚರ್ಚಿನ ಕಟ್ಟಡ. 1855ರಲ್ಲಿ ಅಲ್ಲಿದ್ದ ವೀರಭದ್ರನ ಗುಡಿ ತೆಗೆದು ಚರ್ಚ್ ಕಟ್ಟಿದರು. ಈಗ ಆ ಚರ್ಚಿನೊಳಗೆ ಜೈನ ಮೂರ್ತಿಗಳಿವೆ. ಆ ಕೋಟೆಯನ್ನು ಮೊದಲು ಮಣ್ಣಿನಲ್ಲಿ ಕಟ್ಟಿಸಿದ್ದು ಮುದ್ದುರಾಜ, ಕಲ್ಲಿನಲ್ಲಿ ಕಟ್ಟಿಸಿದ್ದು ಟಿಪ್ಪು. ಹಾಗೇ ಗದ್ದಿಗೆಗೂ ಹೋಗಿ ಬರಲಿ. ಗುಮ್ಮಟ, ಮೂಲೆಗೆ ಮಿನಾರು, ಜೊತೆಗೆ ನಂದಿ. ಸಮಾಧಿಯಾದವರು ವೀರಶೈವ ರಾಜರು. ಒಂದು ಸಲ ನಮ್ಮ ನೆಂಟರೊಬ್ಬರು ದರ್ಗಾ ಎಂದುಕೊಂಡು ತಲೆಗೆ ಕರ್ಚೀಫು ಕಟ್ಟಿ ಒಳಗೆ ಹೋಗಿದ್ದರು. ತಪ್ಪೇನಿಲ್ಲ ಬಿಡು, ಹಾಗೆ ಕಾಣುತ್ತದೆ.

ದೂರ ಹೋಗಲು ಸಿದ್ಧ ಇರುವವರಿಗೆ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ. ಆದರೆ 'ಅರಮನೆ' ಅನ್ನಬೇಡ. ಮೈಸೂರಿನದನ್ನು ನೋಡಿದವರು ಮುಖ ಸಿಂಡರಿಸುತ್ತಾರೆ. 'ಅಡಗುಮನೆ' ಅನ್ನು. ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದವನು. 1792ರಲ್ಲಿ ಈ ಮನೆ ಕಟ್ಟಿಸಿದ. ಒಂದು ಸಲ ಸೆರೆ ಕಂಡವನು ಬೆಟ್ಟದ ಬುಡದಲ್ಲಿ, ಕಾಡಿನ ಮರೆಯಲ್ಲಿ ಮನೆ ಕಟ್ಟಿಸುವುದು ಸಹಜ ತಾನೇ? ಒಳಗಿನ ಕತ್ತಲೆ ಕೋಣೆಗಳನ್ನು ಆ ಕಣ್ಣಿನಿಂದ ನೋಡಲಿ. 1834ರಲ್ಲಿ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಇಂಗ್ಲಿಷರಿಗೆ ಶರಣಾಗುವ ಮೊದಲು ಬಂದು ಸೇರಿದ್ದೂ ಇದೇ ಮನೆ. ಮೇಲೆ 1748 ಮೀಟರ್ ಎತ್ತರದ ತಡಿಯಂಡಮೋಳ್ ಇದೆ. ಕಾಲು ಗಟ್ಟಿ ಇದ್ದವರು ಅರಣ್ಯ ಇಲಾಖೆಯ ಅನುಮತಿ ಕೇಳಿಕೊಂಡು ಹತ್ತಲಿ.

ಚಿಕ್ಲಿಹೊಳೆ ಜಲಾಶಯ ನಿನಗೆ ಗೊತ್ತೇ ಇದೆ. ತುಂಬಿದಾಗ ಅರ್ಧ ಚಂದ್ರದ ಹಾಗೆ ಬಳಸಿ ಇಳಿಯುವ ನೀರು ಚಂದ. ಮಕ್ಕಳಿರುವ ಸಂಸಾರವಾದರೆ ಕೈ ಬಿಡಬೇಡಿ ಅನ್ನು. ಚೇಲಾವರ ಜಲಪಾತಕ್ಕೆ ಕುಡಿದು ಹೊರಟವರನ್ನು ಮಾತ್ರ ಕಳಿಸಲೇಬೇಡ. ಅಲ್ಲಿ ಹೋದ ಜೀವಗಳು ಸಾಕು. ಬುಕಿಂಗ್ ದುಡ್ಡು ಹೋದರೆ ಹೋಗಲಿ.

ಈಗ ಕಡಂಗ. ನಮ್ಮಲ್ಲಿ ಕಾಫಿ ಗಿಡದ ನಡುವೆ, ಬಾಣೆಯ ಅಂಚಿನಲ್ಲಿ, ಬೆಟ್ಟದ ಬೆನ್ನಿನ ಮೇಲೆ ಉದ್ದಕ್ಕೆ ಹೋಗುವ ಹಳೇ ಕಂದಕ, ಪಕ್ಕದಲ್ಲಿ ಮಣ್ಣಿನ ದಿಬ್ಬ. ಎಷ್ಟೋ ಜನ ನೀರು ಕೊರೆದ ಹಳ್ಳ ಅಂದುಕೊಂಡಿದ್ದಾರೆ. ಅದು ಹಿಂದಿನವರು ಯುದ್ಧಕ್ಕೆ ತೋಡಿದ್ದು. ನಾಡು ನಾಡಿನ ನಡುವೆ ಜಗಳ ಇದ್ದ ಕಾಲ. ಕೆಲವು ಕಡೆ ತಳದಲ್ಲಿ ನಿಂತರೆ ದಿಬ್ಬದ ತಲೆ ಎರಡಾಳು ಮೇಲಿರುತ್ತದೆ. ಜೆಸಿಬಿ ಇಲ್ಲದ ದಿನಗಳಲ್ಲಿ, ಈ ಮಳೆಯಲ್ಲಿ, ಬರೀ ಕೈಯಲ್ಲಿ! ನಮ್ಮ ಅಳತೆಯಲ್ಲಿ ಎಷ್ಟೋ ಸಲ ಕಡಂಗವೇ ಗಡಿ. ಮೋಜಣಿಯವನಿಗೆ ಅದೊಂದು ನೆಮ್ಮದಿ. ಬಾಂದುಕಲ್ಲನ್ನು ರಾತ್ರೋರಾತ್ರಿ ಕಿತ್ತು ಆಚೆ ನೆಡಬಹುದು, ಕಡಂಗ ಯಾರಿಗೆ ಜಗ್ಗುತ್ತದೆ? ನಿಮ್ಮ ಸುತ್ತಮುತ್ತ ಇದ್ದರೆ ಹುಡುಕು. ನಿನ್ನ ಮಾವನವರನ್ನು ಕೇಳು, ಅವರಿಗೆ ಗೊತ್ತಿರುತ್ತದೆ. ಅತಿಥಿಗಳನ್ನು ಬೆಳಿಗ್ಗೆ ಅದರೊಳಗೆ ಅರ್ಧ ಗಂಟೆ ನಡೆಸು. ಜಿಗಣೆ ಹತ್ತುತ್ತದೆ, ಕಾಲಿಗೆ ಉಪ್ಪು ತಿಕ್ಕಿಕೊಳ್ಳಲಿ. ಬೇರೆಯವರ ತೋಟ ಸಿಕ್ಕರೆ ಕೇಳಿಕೊಂಡೇ ಹೋಗು.

ಇನ್ನು ಬೋರ್ಡು. ಬೇಡ ಪುಟ್ಟಿ. ಮಾಂದಲಪಟ್ಟಿ ಬೆಟ್ಟಕ್ಕೆ ಹೋಗುವ ಜೀಪು ಸಾಲು ನೋಡಿದ್ದೀಯಲ್ಲ, ಅದೂ ಒಂದು ಕಾಲಕ್ಕೆ ಯಾರಿಗೂ ಗೊತ್ತಿಲ್ಲದ ಜಾಗವೇ. ಅದರಲ್ಲೂ ದೇವರ ಹೆಸರಿಗೆ ಬಿಟ್ಟ ಬನ, ಆ ದೇವರಕಾಡಿನ ಹೆಸರು ಬರೆಸಲೇಬೇಡ. ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚಿವೆ. ಅಯ್ಯಪ್ಪನ ಕೆಲವು ಬನಗಳಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು ಸಾಲಾಗಿ ನಿಂತಿರುತ್ತವೆ, ಪಾಚಿ ಹಿಡಿದು, ಕಿವಿ ಮುರಿದು. ಬೇಟೆಗಾರ ದೇವರಿಗೆ ನಾಯಿ ಬೇಕಲ್ಲ. ನೋಡಿದರೆ ಮೈ ಜುಂ ಅನ್ನುತ್ತದೆ. ಒಂದು ಸಲ ಯಾರೋ ಹೊರಗಿನವರಿಗೆ ಸುಮ್ನೆ ಜಂಬಕ್ಕೆ ಅಂಥ ಒಂದು ಜಾಗ ತೋರಿಸಿದೆ. ಮುಂದಿನ ವಾರ ಹೋದರೆ ಒಂದು ನಾಯಿ ಇರಲಿಲ್ಲ. ಯಾರ ಶೋಕೇಸಿನಲ್ಲಿದೆಯೋ. ದೇವಸ್ಥಾನದ ಯಜಮಾನರಾದ ಊರಿನ ತಕ್ಕರ ಮುಂದೆ ತಲೆ ತಗ್ಗಿಸಿ ನಿಂತಿದ್ದು ನನಗೆ ಇನ್ನೂ ಮರೆತಿಲ್ಲ. ಆಮೇಲಿಂದ ಊರವರನ್ನು ಕೇಳದೆ ಒಬ್ಬರನ್ನೂ ಬನದ ಹತ್ತಿರ ಕರೆದುಕೊಂಡು ಹೋಗಿಲ್ಲ.

ಅದಕ್ಕೇ ಹೇಳುವುದು: ಬಂದವರ ಜೊತೆ ಮೊದಲು ಮಾತಾಡು, ಆಮೇಲೆ ಜಾಗ ಹೇಳು. ಯಾರಿಗೆ ಏನು ಅನ್ನುವುದು ಎರಡು ರೊಟ್ಟಿ ತಿನ್ನುವಷ್ಟರಲ್ಲಿ ಗೊತ್ತಾಗುತ್ತದೆ. ಮತ್ತೆ, ನೀನು ಹೋಗಿ ನೋಡದ ಜಾಗಕ್ಕೆ ಯಾರನ್ನೂ ಕಳಿಸಬೇಡ.

ಹುತ್ತರಿ ಸುಗ್ಗಿ ಹಬ್ಬ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ. ಮುಳ್ಳೂರಿಗೆ ಹೋಗಿ, ಬರುತ್ತಾ ದೊಡ್ಡಮಳ್ತೆ ನೋಡೋಣ. ನಿನ್ನ ಗಂಡನ ಕಾರು ಖಾಲಿ ಇರಲಿ. ಬುತ್ತಿಗೆ ಕಡುಬು ಕಟ್ಟು, ಕೂರೋದಕ್ಕೆ ಒಂದು ಚಾಪೆಯನ್ನೂ ಇಟ್ಟುಕೋ.

ಇಂತಿ ನಿನ್ನ ಪ್ರೀತಿಯ
ಮಾವ