ಗೀಸರಿನ ಕಟೌಟ್ ತಪ್ಪಿಸಿ ವೈರ್ ಜೋಡಿಸಿದ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಪುಣೆಯ ಧಾಯರಿಯಲ್ಲಿರುವ ನಮ್ಮ ಮನೆಯಲ್ಲಿ ನಿಮ್ಮ ಕಂಪನಿಯ 15 ಲೀಟರಿನ, 2000 ವಾಟಿನ ಸ್ಟೋರೇಜ್ ಗೀಸರ್ ಇದೆ. ಹೋದ ದೀಪಾವಳಿಯಲ್ಲಿ, ನೀರು ತುಂಬುವ ಹಬ್ಬಕ್ಕೆ ಮುಂಚೆ ಹಾಕಿಸಿದ್ದು. ಇಡೀ ಗೀಸರಿಗೆ 2 ವರ್ಷದ ವಾರಂಟಿ ಇನ್ನೂ ಚಾಲ್ತಿಯಲ್ಲಿದೆ. ಬಿಸಿನೀರು ಬರುತ್ತಿಲ್ಲ ಎಂಬುದು ಒಂದು ದೂರು. ಅದಕ್ಕಿಂತ ದೊಡ್ಡ ದೂರು, ರಿಪೇರಿಗೆ ಬಂದ ನಿಮ್ಮ ಸರ್ವಿಸ್ ಸೆಂಟರಿನವರು ನೀರು ಮಿತಿಮೀರಿ ಕಾದಾಗ ಕರೆಂಟ್ ಕಡಿಯುವ ಅದರ ಥರ್ಮಲ್ ಕಟೌಟನ್ನೇ ತಪ್ಪಿಸಿ ವೈರ್ ಜೋಡಿಸಿ ಹೋದದ್ದು. ಕಾಲ್ ಸೆಂಟರಿನಲ್ಲಿ ನನ್ನೊಂದಿಗೆ ಕನ್ನಡದಲ್ಲೇ ಮಾತಾಡಿದ ನಿಮ್ಮ ಸಿಬ್ಬಂದಿ ದೂರನ್ನೂ ಕನ್ನಡದಲ್ಲೇ ಬರೆದು ಕಳಿಸಿ ಎಂದಿದ್ದರಿಂದ ಈ ಪತ್ರ.

ಕೆಡುವ ಮೊದಲು ಕೆಲವು ದಿನ ನೀರು ವಿಪರೀತ ಕಾದು ಬರುತ್ತಿತ್ತು. ನಾಬ್ 60ರಲ್ಲಿದ್ದರೂ ನಲ್ಲಿ ತಿರುಗಿಸಿದರೆ ಮೊದಲು ಹಬೆ, ಆಮೇಲೆ ಸಿಡಿಯುವ ನೀರು. ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಸೇಫ್ಟಿ ವಾಲ್ವಿನಿಂದಲೂ ಬಿಸಿನೀರು ತೊಟ್ಟಿಕ್ಕುತ್ತಿತ್ತು. 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಲು ಒಳಗೆ ನೀರು ಕಾಯಿಸುವ 2000 ವಾಟಿನ ಎಲಿಮೆಂಟಿಗೆ ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಆಗ ಹೀಟಿಂಗ್ ದೀಪ ಆರಬೇಕು. ನಮ್ಮದು ಆರುತ್ತಲೇ ಇರಲಿಲ್ಲ. ಆಮೇಲೆ ಒಂದು ದಿನ ತಣ್ಣೀರೇ ಬಂತು. ಪವರ್ ದೀಪ ಉರಿಯುತ್ತಿತ್ತು, ಹೀಟಿಂಗ್ ದೀಪ ಹತ್ತಲಿಲ್ಲ. ನಾನು ಹುಬ್ಬಳ್ಳಿಯ ಐಟಿಐನಲ್ಲಿ ಇಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿದವಳು. ಇಷ್ಟು ಲಕ್ಷಣ ನೋಡಿದರೆ ಮೊದಲು ಅನುಮಾನ ಹೋಗುವುದು, ನಾಬಿನಲ್ಲಿಟ್ಟಷ್ಟು ನೀರು ಕಾದೊಡನೆ ಕರೆಂಟ್ ಕಡಿಯಬೇಕಾದ ಥರ್ಮೋಸ್ಟಾಟಿನ ಮೇಲೆ. ಅದರ ಕಾಂಟ್ಯಾಕ್ಟ್ ಅಂಟಿಕೊಂಡು ಕರೆಂಟ್ ಕಡಿಯದೆ ಹೋಗಿದೆ, ನೀರು ಮಿತಿಮೀರಿ ಕಾದಾಗ ಕಟೌಟ್ ಟ್ರಿಪ್ ಆಗಿ, ಅಂದರೆ ತಾನೇ ಆಫ್ ಆಗಿ, ಕರೆಂಟ್ ನಿಲ್ಲಿಸಿದೆ. ದೂರು ದಾಖಲಿಸುವಾಗಲೇ ಇದನ್ನೆಲ್ಲ ಹೇಳಿದ್ದೆ.

ಮೊದಲ ಸಲ ಬಂದ ಟೆಕ್ನೀಷಿಯನ್ ಕವರ್ ಬಿಚ್ಚುವ ಮೊದಲೇ ‘ಎಲಿಮೆಂಟ್ ಹೋಗಿದೆ, ಹೊಸದು ಹಾಕಬೇಕು’ ಎಂದರು. ನಾನು ಪಟ್ಟು ಹಿಡಿದ ಮೇಲೆ ಮಲ್ಟಿಮೀಟರ್ ತೆಗೆದರು. ಸಾಕೆಟಿನಲ್ಲಿ ವೋಲ್ಟೇಜ್ ಸರಿಯಿತ್ತು. ಮೇನ್ಸ್ ಆಫ್ ಮಾಡಿ, ಎಲಿಮೆಂಟಿನ ವೈರ್ ಕಳಚಿ ನೋಡಿದರೆ ಅದರ ರೆಸಿಸ್ಟೆನ್ಸ್ 26 ಓಮ್ ಆಸುಪಾಸು ತೋರಿಸಿತು. 230 ವೋಲ್ಟಿನಲ್ಲಿ 2000 ವಾಟ್ ಎಳೆಯುವ ಎಲಿಮೆಂಟಿಗೆ ಇರಬೇಕಾದದ್ದೇ ಅಷ್ಟು. ಅಂದರೆ ಎಲಿಮೆಂಟ್ ಹೋಗಿರಲಿಲ್ಲ. ಕಟೌಟನ್ನು ಮತ್ತೆ ಆನ್ ಮಾಡುವ ಪುಟ್ಟ ಗುಂಡಿ ಒತ್ತಿದರು, ನೀರು ಕಾಯಿತು, ವಿಸಿಟ್ ಚಾರ್ಜ್ ತೆಗೆದುಕೊಂಡು ಹೊರಟರು. ಯಾಕೆ ಟ್ರಿಪ್ ಆಯಿತು ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ವಾರಂಟಿಯಲ್ಲಿರುವ ಗೀಸರಿಗೆ ವಿಸಿಟ್ ಚಾರ್ಜ್ ಯಾವ ಲೆಕ್ಕದಲ್ಲಿ ತೆಗೆದುಕೊಂಡರೋ ಅದನ್ನೂ ಹೇಳಲಿಲ್ಲ.

ನಿರೀಕ್ಷಿಸಿದಂತೆ ಮತ್ತೆ ಟ್ರಿಪ್ ಆಯಿತು. ಈ ಸಲ ಬೇರೆಯವರು ಬಂದರು. ಚೀಲದಿಂದ ಬೆರಳುದ್ದದ ಕೆಂಪು ವೈರ್ ತೆಗೆದರು, ಎರಡೂ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸುಲಿದರು. ಕಟೌಟಿಗೆ ಹೋಗುವ ಎರಡು ವೈರುಗಳನ್ನು ಕಳಚಿ, ಆ ತುಂಡಿನಿಂದ ಒಂದಕ್ಕೊಂದು ಕಟ್ಟಿ ಟೇಪ್ ಸುತ್ತಿದರು. ಇದೇನು ಮಾಡಿದಿರಿ ಎಂದೆ. ‘ಡೈರೆಕ್ಟ್ ಕೇಲಯ್ ತಾಈ, ಆತಾ ಟ್ರಿಪ್ ಹೋಣಾರ್ ನಾಹೀ’ ಎಂದರು. ಡೈರೆಕ್ಟ್ ಮಾಡಿದ್ದಾರಂತೆ, ಇನ್ನು ಟ್ರಿಪ್ ಆಗುವುದಿಲ್ಲವಂತೆ! ತೆಗೆಯಿರಿ ಎಂದರೆ ಕೇಳಲಿಲ್ಲ. ಅಷ್ಟರಲ್ಲಿ ನಮ್ಮ ಅತ್ತೆಯವರ ಫೋನಿಗೆ ಬಂದ ಒಟಿಪಿ ಕೇಳಿಕೊಂಡು, ದೂರು ಬಗೆಹರಿದಿದೆ ಎಂದು ಮುಚ್ಚಿಬಿಟ್ಟರು. ಆ ಜೋಡಣೆಯ ಫೋಟೋ ಈ ಪತ್ರದ ಜೊತೆಗಿದೆ.

ಇದರ ಅಪಾಯ ನಿಮ್ಮ ಎಂಜಿನಿಯರುಗಳಿಗೆ ಗೊತ್ತಿಲ್ಲದ್ದಲ್ಲ. ಥರ್ಮೋಸ್ಟಾಟ್ ಕೈಕೊಟ್ಟಾಗ ಕರೆಂಟ್ ಕಡಿಯಲೆಂದೇ ಕಟೌಟ್ ಇರುವುದು. ಥರ್ಮೋಸ್ಟಾಟ್ ಕೆಟ್ಟಿದೆ, ಕಟೌಟನ್ನು ತಪ್ಪಿಸಿದ್ದಾಗಿದೆ. ಇನ್ನು ಸ್ವಿಚ್ ಹಾಕಿ ಮರೆತರೆ ಮುಚ್ಚಿದ ಟ್ಯಾಂಕಿನಲ್ಲಿ ನೀರು ಕುದಿಯುತ್ತಲೇ ಇರುತ್ತದೆ, ಒತ್ತಡ ಏರುತ್ತಲೇ ಹೋಗುತ್ತದೆ. ಉಳಿಯುವುದು ಸೇಫ್ಟಿ ವಾಲ್ವ್ ಒಂದೇ. ಅದರಲ್ಲಿ ಉಪ್ಪು ಕಟ್ಟಿಕೊಂಡಿದ್ದರೆ ಟ್ಯಾಂಕ್ ಒಡೆಯಬಹುದು. ಮನೆಯಲ್ಲಿ ಇಎಲ್‌ಸಿಬಿ ಇದೆಯಲ್ಲ ಎಂದು ಆ ಟೆಕ್ನೀಷಿಯನ್ ಸಮಾಧಾನ ಹೇಳಿದರು. ಇಎಲ್‌ಸಿಬಿ ಕರೆಂಟ್ ನೆಲಕ್ಕೆ (ಅರ್ಥ್‌ಗೆ) ಸೋರಿದರೆ ಕಡಿಯುತ್ತದೆ, ನೀರು ಕುದಿದರೆ ಕಡಿಯುವುದಿಲ್ಲ. ಅವರು ಹೋದ ಕೂಡಲೇ ಮೇನ್ಸ್ ಆಫ್ ಮಾಡಿ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದೆ. ಅಂದಿನಿಂದ ಗೀಸರ್ ಮುಟ್ಟಿಲ್ಲ.

ಫೋನಿನಲ್ಲಿ ಮತ್ತೆ ದೂರು ಕೊಟ್ಟರೆ ಈಗ ಬರುವ ಉತ್ತರ, ನಿಮ್ಮದು ಟ್ಯಾಂಕರ್ ನೀರು, ಗಡಸು ನೀರಿಗೆ ವಾರಂಟಿ ಇಲ್ಲ ಎಂದು. ನಮ್ಮ ಸೊಸೈಟಿಯಲ್ಲಿ ಬೋರ್ ಮತ್ತು ಟ್ಯಾಂಕರ್ ನೀರು ಬಳಸುವುದು ನಿಜ. ಆದರೆ ಎಲಿಮೆಂಟಿನ ಮೇಲೆ ಸುಣ್ಣ ಕಟ್ಟಿದರೆ ನೀರು ಕಾಯಲು ಹೆಚ್ಚು ಹೊತ್ತು ಬೇಕಾಗುತ್ತದೆ, ಒಳಗೆ ಗೊರಗೊರ ಸದ್ದು ಬರುತ್ತದೆ. ನಮ್ಮಲ್ಲಿ ಎರಡೂ ಇರಲಿಲ್ಲ. ಇಷ್ಟಕ್ಕೂ ನಿಮ್ಮವರಲ್ಲಿ ಯಾರೂ ಎಲಿಮೆಂಟ್ ಹೊರತೆಗೆದು ನೋಡಿಲ್ಲ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಸಿಯಂ ರಾಡ್ ಎಷ್ಟು ಸವೆದಿದೆ ಎಂದು ನೋಡಿಲ್ಲ, ನೀರಿನ ಟಿಡಿಎಸ್ (ಕರಗಿದ ಲವಣಾಂಶ) ಸಹ ಅಳೆದಿಲ್ಲ. ನೋಡದೆ ನೀರಿನ ಮೇಲೆ ತಪ್ಪು ಹೊರಿಸುವುದನ್ನು ನಾನು ಒಪ್ಪುವುದಿಲ್ಲ.

ಪುಣೆಯ ಚಳಿ ನಿಮಗೂ ಗೊತ್ತಿರಬೇಕು. ಮಂಡಿನೋವಿನ ಅತ್ತೆಯವರಿಗೆ ತಣ್ಣೀರು ಆಗದು. ದಿನಾ ಗ್ಯಾಸಿನ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಸುಡುವ ಪಾತ್ರೆ ಹಿಡಿದು ಅಡುಗೆಮನೆಯಿಂದ ಬಚ್ಚಲಿಗೆ ನಡೆಯುತ್ತಿದ್ದೇನೆ. ಕಾಲಿಗೆ ಅಡ್ಡ ಬರುವ ಮಗು ಮನೆಯಲ್ಲಿದೆ.

ಆದ್ದರಿಂದ ತರಬೇತಿ ಪಡೆದ ಹಿರಿಯ ಟೆಕ್ನೀಷಿಯನ್ನರನ್ನು ಕಳಿಸಿ ಆ ವೈರ್ ತುಂಡನ್ನು ತೆಗೆಸಿ. ಥರ್ಮೋಸ್ಟಾಟ್ ಮತ್ತು ಕಟೌಟ್ ಎರಡನ್ನೂ ವಾರಂಟಿಯಲ್ಲಿ ಹೊಸದಾಗಿ ಹಾಕಿಸಿ. ಎಲಿಮೆಂಟ್, ಅರ್ಥಿಂಗ್, ಸೇಫ್ಟಿ ವಾಲ್ವ್ ಪರೀಕ್ಷಿಸಿ ಮೀಟರಿನಲ್ಲಿ ಬಂದ ಅಂಕಿಯನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಡಿ. ವಿಸಿಟ್ ಚಾರ್ಜ್ ವಾಪಸು ಮಾಡಿ. ಇದೆಲ್ಲಕ್ಕಿಂತ ಮುಖ್ಯವಾಗಿ, ಆ ಟೆಕ್ನೀಷಿಯನ್ ಈ ಭಾಗದಲ್ಲಿ ರಿಪೇರಿ ಮಾಡಿದ ಉಳಿದ ಗೀಸರುಗಳನ್ನು ತೆರೆದು ನೋಡಿಸಿ. ಚೀಲದಲ್ಲಿ ಅಂಥ ವೈರ್ ತುಂಡುಗಳು ಇನ್ನೂ ಇದ್ದವು. ಆ ಮನೆಯವರಿಗೆ ಕಟೌಟ್ ಎಂದರೇನೆಂದು ತಿಳಿಯದಿರಬಹುದು, ನೀರು ಕಾಯುತ್ತಿದೆ ಎಂದು ನಿಶ್ಚಿಂತೆಯಿಂದ ಇರಬಹುದು.

15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದಾದ್ದರಿಂದ ಪುಣೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ಬಿಲ್, ವಾರಂಟಿ ಕಾರ್ಡ್, ವಿಸಿಟ್ ಚಾರ್ಜಿನ ರಸೀದಿ, ಫೋಟೋಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ
ಧಾಯರಿ, ಪುಣೆ