ವಾಟೆ ಯಾರಿಗೆ?

ಗೆಳೆಯಾ,

ನಮ್ಮನೆಯವಳು ಮಕ್ಕಳನ್ನು ಕರೆದುಕೊಂಡು ತಾಳಗುಪ್ಪ ರೈಲು ಹತ್ತಿ ಸಾಗರಕ್ಕೆ ಹೋದ ದಿನ ನೀನು ಏನಂದೆ, ನೆನಪಿದೆಯಾ? 'ಇನ್ನು ನಿನಗೂ ರಜೆ, ಮಜಾ ಮಾಡು' ಅಂದೆ. ಎರಡು ದಿನ ಚೆನ್ನಾಗಿಯೇ ಇತ್ತು. ಪೇಪರು ಪೂರ್ತಿ ಓದಿದೆ. ಕಾಫಿ ಬಿಸಿ ಇರುವಾಗಲೇ ಕುಡಿದೆ.

ಮೂರನೇ ದಿನ ದೇವರಾಜ ಮಾರುಕಟ್ಟೆಯಲ್ಲಿ ರಸಪುರಿ ಮಾವು ಕಂಡಿತು. ಕೈ ಸುಮ್ಮನಿರಲಿಲ್ಲ, ಎರಡು ಕೆಜಿ ತಂದೆ. ಹೆಚ್ಚಲು ಕೂತಾಗ ಗೊತ್ತಾಯ್ತು ನೋಡು. ನಮ್ಮನೆಯಲ್ಲಿ ಜಗಳವೆಲ್ಲ ವಾಟೆಗೆ. ಹೋಳು ಯಾರಿಗೂ ಬೇಡ. ದೊಡ್ಡವಳು ಚೀಪುತ್ತಿದ್ದರೆ ಚಿಕ್ಕವನು ಎದುರಿಗೇ ಕೂತು 'ಸಾಕು, ಕೊಡು' ಅಂತ ಕಾಯುತ್ತಾನೆ. ರಸ ಮೊಣಕೈವರೆಗೂ ಇಳಿದು ನೆಲವೆಲ್ಲ ಅಂಟು. ಆವತ್ತು ವಾಟೆ ಯಾರೂ ಕೇಳಲಿಲ್ಲ. ನಾನೇ ಚೀಪಿದೆ. ನೆಲ ಒರೆಸುವ ಕೆಲಸವೂ ಇರಲಿಲ್ಲ.

ವಿಡಿಯೋ ಕಾಲ್ ಮಾಡಿದರೆ ಅವರಿಗೆಲ್ಲಿ ಪುರುಸೊತ್ತು? ಅಜ್ಜಿ ಮನೆಯ ಅಂಗಳ, ಹಲಸಿನ ಮರ, ಕರು. ನನಗೆ ಕಾಣುವುದು ಅರ್ಧ ಹಣೆ, ಇಲ್ಲವೇ ಮನೆಯ ಮಾಡು. 'ಅಪ್ಪಾ, ಹಕ್ಕಿಗೆ ನೀರಿಟ್ಯಾ?' ಅಂತ ಕೇಳಿ ಚಿಕ್ಕವನು ಓಡಿಯೇಬಿಟ್ಟ. ಅಪ್ಪನ ಊಟ ಆಯ್ತಾ ಅಂತಲ್ಲ, ಹಕ್ಕಿಗೆ ನೀರು! ಇಟ್ಟಿರಲಿಲ್ಲ. ಈಗ ಬೆಳಿಗ್ಗೆ ಎದ್ದ ತಕ್ಷಣ ಅದೇ ಕೆಲಸ.

ಭಾನುವಾರ ಸಂಜೆ ಅರಮನೆ ಹತ್ತಿರ ಹೋಗಿದ್ದೆ. ಏಳಕ್ಕೆ ದೀಪ ಹತ್ತುತ್ತಲ್ಲ, ಸುಮಾರು 1 ಲಕ್ಷ ಬಲ್ಬು. ಅಷ್ಟನ್ನೂ ಎಣಿಸ್ತೀನಿ ಅಂತ ಪ್ರತಿ ಸಲ ಚಿಕ್ಕವನ ಹಟ. ಇಪ್ಪತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಮೂವತ್ತು ಮರೆಯುತ್ತದೆ, ಚುರುಮುರಿ ನೆನಪಾಗುತ್ತದೆ. ಈ ಸಲ ಗೇಟಿನ ಹತ್ತಿರ ನಿಂತು ನಾನೇ ಎಣಿಸತೊಡಗಿದೆ. ಮೈಸೂರಲ್ಲೇ ಹುಟ್ಟಿ ಬೆಳೆದವನು ಪ್ರವಾಸಿಗರ ಮಧ್ಯೆ ಬಾಯಿ ಬಿಟ್ಟುಕೊಂಡು ನಿಂತಿದ್ದೀನಲ್ಲ ಅಂತ ನಾಚಿಕೆಯೂ ಆಯ್ತು. ನಲವತ್ತು ಚಿಲ್ಲರೆಗೆ ತಪ್ಪಿಹೋಯ್ತು. ಚುರುಮುರಿ ತಿನ್ನಲಿಲ್ಲ.

ಅಂದಹಾಗೆ, ಹೋದ ವರ್ಷ ನಿನ್ನ ಮಗ ಹಾಸ್ಟೆಲಿಗೆ ಸೇರಿದ ವಾರ, ರಾತ್ರಿ ಹತ್ತೂವರೆಗೆ ನೀನು ಫೋನ್ ಮಾಡಿ ಸ್ಕೂಟರಿಗೆ ಯಾವ ಟೈರು ಒಳ್ಳೇದು ಅಂತ ಕೇಳಿದೆ. ನಾನು ನಿದ್ದೆಗಣ್ಣಲ್ಲಿ ಏನೋ ಒಂದು ಹೇಳಿ ಇಟ್ಟುಬಿಟ್ಟೆ. ನಿನ್ನ ಟೈರು ಚೆನ್ನಾಗಿಯೇ ಇತ್ತು, ಅಲ್ವಾ?

ಮೇ 29ಕ್ಕೆ ಶಾಲೆ ಶುರು, ನಮ್ಮವರು ಅದಕ್ಕೆ ಎರಡು ದಿನ ಮೊದಲು ಬರ್ತಾರೆ. ಅಲ್ಲಿವರೆಗೆ ರಾತ್ರಿ ಎಷ್ಟೊತ್ತಿಗಾದರೂ ಫೋನ್ ಮಾಡು. ಟೈರಿನ ವಿಷಯವೇ ಆದರೂ ಸರಿ. ಇನ್ನೂ ಆರು ಹಣ್ಣು ಉಳಿದಿವೆ. ಬಂದರೆ ವಾಟೆ ನಿನಗೆ.

ನಿನ್ನ,
ಒಂಟಿ ಗೆಳೆಯ